ಮಕ್ಕಳ ಮನೆ ಕಟ್ಟಿದಾಕೆ

ಮಾಂಟೆಸೊರಿ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಶಿಶುವಿಹಾರದ ಒಂದು ಬೋರ್ಡು, ಅಷ್ಟೆ. ನನಗೂ ಆ ಹೆಸರಿನ ಹಿಂದೆ ಒಬ್ಬ ತಾಯಿ ಕಂಡದ್ದು ಈಚೆಗೆ.

ಮರಿಯಾ ಮಾಂಟೆಸೊರಿ ಹುಟ್ಟಿದ್ದು 1870ರಲ್ಲಿ, ಇಟಲಿಯಲ್ಲಿ. 1896ರಲ್ಲಿ ರೋಮಿನಲ್ಲಿ ಡಾಕ್ಟರಾದರು. 1907ರಲ್ಲಿ ಅಲ್ಲಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಪುಟ್ಟವರಿಗಾಗಿ 'ಮಕ್ಕಳ ಮನೆ' ತೆರೆದರು. ಅಲ್ಲಿ ಪಾಠ ಒಪ್ಪಿಸುವ ಮಾತಿಲ್ಲ. ಬಿರಡೆಯಂಥ ಹತ್ತು ಮರದ ತುಂಡು, ಅವಕ್ಕೆ ಹೊಂದುವ ಹತ್ತು ಕುಳಿ. ಸಣ್ಣದನ್ನು ದೊಡ್ಡ ಕುಳಿಗೆ ಹಾಕಿದರೆ ಕೊನೆಗೊಂದು ತುಂಡು ಹೊರಗೇ ಉಳಿಯುತ್ತೆ. ಟೀಚರು ಗದರಬೇಕಿಲ್ಲ, ಮಗು ತಾನೇ ತೆಗೆದು, ಹೋಲಿಸಿ, ಮತ್ತೆ ಇಟ್ಟು ನೋಡುತ್ತೆ. ನಮ್ಮ ಲ್ಯಾಬಿನ ವಿಜ್ಞಾನವೂ ಇಷ್ಟೇ ತಾನೆ?

ನನ್ನ ಮನಸ್ಸಿನಲ್ಲಿ ನಿಂತದ್ದು ಇನ್ನೊಂದು ಸಂಗತಿ. 1898ರಲ್ಲಿ ಮದುವೆಯಿಲ್ಲದೆ ಹುಟ್ಟಿದ ಮಗ ಮಾರಿಯೋನನ್ನು ಅವರು ಬೇರೆಯವರ ಮನೆಯಲ್ಲಿ ಬಿಡಬೇಕಾಯಿತು. ಊರ ಮಕ್ಕಳಿಗೆ ಮನೆ ಕಟ್ಟಿದಾಕೆ ತನ್ನ ಮಗನನ್ನು ಬಹುಕಾಲ ಲೋಕದೆದುರು ಮಗ ಅನ್ನಲಿಲ್ಲ. ಹದಿಹರೆಯದಲ್ಲಿ ಅವನೇ ಬಂದು ತಾಯಿಯನ್ನು ಸೇರಿದ.

1939ರಲ್ಲಿ ಥಿಯೊಸಾಫಿಕಲ್ ಸೊಸೈಟಿ ಕರೆದಾಗ ಇಬ್ಬರೂ ನಮ್ಮ ಚೆನ್ನೈನ ಅಡಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿದದ್ದೇ ಬ್ರಿಟಿಷ್ ಸರ್ಕಾರ ಮಾರಿಯೋನನ್ನು ಹಿಡಿದಿಟ್ಟಿತು. ತಾಯಿಯ 70ನೆಯ ಹುಟ್ಟುಹಬ್ಬಕ್ಕೆ ಬಿಟ್ಟಿತು. ಆಮೇಲೆ ಕೊಡೈಕನಾಲಿನಲ್ಲಿ ತಾಯಿ ಮಗ ಸೇರಿ ಮಕ್ಕಳ ಕೈಗೆ ಗಿಡ, ಎಲೆ, ಜೀವಿಗಳನ್ನೇ ಪಾಠವಾಗಿ ಕೊಟ್ಟರು.

1952ರಲ್ಲಿ ಹಾಲೆಂಡಿನಲ್ಲಿ ಅವರು ತೀರಿಕೊಂಡರು. ಮಗು ಏನನ್ನೋ ಹಿಡಿದು ತಿರುಗಿಸುತ್ತಾ ಕೂತಿದ್ದರೆ ಕಿತ್ತುಕೊಳ್ಳಬೇಡಿ, ಗೆಳೆಯರೆ. ಅದು ಯೋಚಿಸುತ್ತಿದೆ.