ಗುಜರಿ ಎಂಜಿನ್ನಿಗೆ ಉಸಿರು ತುಂಬಿದ ಹೊಂಡಾ

ಡಿಗ್ರಿ ಇಲ್ಲದೆ ಗೆದ್ದವರ ಪಟ್ಟಿಯೊಂದು ನಮ್ಮ ಹಾಸ್ಟೆಲಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ವರ್ಷವಿಡೀ ಸುತ್ತುತ್ತಿರುತ್ತದೆ. ಇಂಟರ್ನಲ್ಸ್ ಹತ್ತಿರ ಬಂದಾಗಲಂತೂ ಅದಕ್ಕೆ ರೆಕ್ಕೆ ಬರುತ್ತದೆ. ಆ ಪಟ್ಟಿಯಲ್ಲಿ ಜಪಾನಿನ ಸೊಯಿಚಿರೊ ಹೊಂಡಾ ಅವರ ಹೆಸರು ತಪ್ಪುವುದಿಲ್ಲ. ಕಮ್ಮಾರನ ಮಗ, ಕಾಲೇಜಿನಿಂದ ಹೊರಬಿದ್ದವನು, ಕೊನೆಗೆ ಜಗತ್ತಿಗೆಲ್ಲ ಬೈಕು ಕಾರು ಮಾರಿದವನು. ಮೂರೇ ಸಾಲಿನಲ್ಲಿ ಮುಗಿದುಹೋಗುವ ಕಥೆ. ಮೆಕ್ಯಾನಿಕಲ್ ಬಿಇ ಮೂರನೇ ವರ್ಷದಲ್ಲಿರುವ ನನಗೆ, ಈ ಕಥೆಯ ಮುಖ್ಯ ಭಾಗವನ್ನೇ ಬಿಟ್ಟು ಹೇಳುತ್ತಿದ್ದಾರೆ ಅನಿಸುತ್ತದೆ. ಅದನ್ನು ಇಲ್ಲಿ ಹೇಳಬೇಕು. ಅದಕ್ಕೂ ಮೊದಲು ಎಂಜಿನ್ ಬಗ್ಗೆ ಎರಡು ಮಾತು.

ನಮ್ಮೂರು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ. ಶಿಂಷಾ ನದಿಗೆ ಕಟ್ಟಿರುವ ಇಲ್ಲಿನ ಜಲಾಶಯದ ವಿಶೇಷ ಎಂದರೆ ಸ್ವಯಂಚಾಲಿತ ಸೈಫನ್. ನೀರು ತುಂಬಿ ಮಟ್ಟ ದಾಟಿದರೆ ಗೇಟು ಎತ್ತಲು ಯಾರೂ ಓಡಬೇಕಿಲ್ಲ, ಮೋಟಾರೂ ಬೇಕಿಲ್ಲ. ಸೈಫನ್ನಿನೊಳಗೆ ಹರಿಯುವ ನೀರು ಅಲ್ಲಿದ್ದ ಗಾಳಿಯನ್ನು ತನ್ನ ಜೊತೆಗೇ ಎಳೆದುಕೊಂಡು ಹೋಗುತ್ತದೆ. ಒಳಗೆ ಒತ್ತಡ ತಗ್ಗುತ್ತದೆ. ಆಗ ಹೊರಗಿನ ವಾತಾವರಣದ ಒತ್ತಡವೇ ಜಲಾಶಯದ ನೀರನ್ನು ಒಳಕ್ಕೆ ತಳ್ಳುತ್ತದೆ.

ಟರ್ಬೊ ಇಲ್ಲದ ಕಾರಿನ ಎಂಜಿನ್ ಉಸಿರಾಡುವುದೂ ಹೀಗೆಯೇ. ಪಿಸ್ಟನ್ ಕೆಳಗಿಳಿಯುತ್ತದೆ, ಸಿಲಿಂಡರಿನಲ್ಲಿ ಒತ್ತಡ ಕಡಿಮೆಯಾಗುತ್ತದೆ, ಹೊರಗಿನ ಗಾಳಿ ತಾನಾಗಿ ಒಳಗೆ ನುಗ್ಗುತ್ತದೆ. ಇದಕ್ಕೆ ನ್ಯಾಚುರಲಿ ಆಸ್ಪಿರೇಟೆಡ್ ಎಂಜಿನ್ ಎನ್ನುತ್ತಾರೆ. ಟರ್ಬೊ ಇದ್ದರೆ ಗಾಳಿಯನ್ನು ಒತ್ತಿ ತುಂಬಬಹುದು. ಇಲ್ಲಿ ಆ ಅನುಕೂಲವಿಲ್ಲ. ಹೆಚ್ಚು ಶಕ್ತಿ ಬೇಕಾದರೆ ಒಳಬರುವ ಗಾಳಿಯ ದಾರಿಯಲ್ಲಿ ಅಡ್ಡಿ ಕಡಿಮೆ ಮಾಡಬೇಕು, ಬಂದ ಗಾಳಿಯನ್ನು ಸೋರದಂತೆ ಹಿಡಿದು ಚೆನ್ನಾಗಿ ಒತ್ತಬೇಕು, ನಿಮಿಷಕ್ಕೆ ಹೆಚ್ಚು ಸಲ ಉಸಿರಾಡಿಸಬೇಕು. ಇದ್ದದ್ದರಲ್ಲೇ ಹೆಚ್ಚು ತೆಗೆಯುವ ಈ ವಿದ್ಯೆಯ ಹಿಂದೆ ಇಡೀ ಬದುಕು ಓಡಿದವರು ಸೊಯಿಚಿರೊ ಹೊಂಡಾ.

ಮಗು ಆಡಿಸುವ ಕೆಲಸದಿಂದ ರೇಸ್ ಕಾರಿಗೆ

ಹೊಂಡಾ ಹುಟ್ಟಿದ್ದು 1906ರ ನವೆಂಬರ್ 17ರಂದು, ಜಪಾನಿನ ಹಮಾಮಾತ್ಸು ನಗರದ ಹತ್ತಿರದ ಕೊಮ್ಯೊ ಎಂಬ ಹಳ್ಳಿಯಲ್ಲಿ. ತಂದೆ ಗಿಹೇ ಕಮ್ಮಾರ, ಆಮೇಲೆ ಸೈಕಲ್ ರಿಪೇರಿಗೆ ಇಳಿದವರು. ತಾಯಿ ಮಿಕಾ ಮಗ್ಗದಲ್ಲಿ ನೇಯುತ್ತಿದ್ದರು. ಒಂದು ದಿನ ಹಳ್ಳಿಗೆ ಕಾರೊಂದು ಬಂತು. ಹುಡುಗ ಅದರ ಹಿಂದೆ ಓಡಿದ, ಅದು ನಿಂತಲ್ಲಿ ನೆಲದ ಮೇಲೆ ಸೋರಿದ್ದ ಎಣ್ಣೆಯನ್ನು ಮುಟ್ಟಿ ಮೂಸಿ ನೋಡಿದ. ಆ ವಾಸನೆ ತನ್ನನ್ನು ಕೊನೆತನಕ ಬಿಡಲಿಲ್ಲ ಎಂದು ಅವರೇ ಮುಂದೆ ನೆನೆಯುತ್ತಿದ್ದರು.

1922ರಲ್ಲಿ, 15ನೇ ವಯಸ್ಸಿಗೆ, ಟೋಕಿಯೊದ ಆರ್ಟ್ ಶೊಕಾಯ್ ಎಂಬ ಕಾರು ರಿಪೇರಿ ಗ್ಯಾರೇಜಿಗೆ ಕೆಲಸ ಕಲಿಯಲು ಸೇರಿದರು. ಆದರೆ ಸಿಕ್ಕಿದ ಕೆಲಸ ಮಾಲೀಕರ ಮಗುವನ್ನು ಎತ್ತಿಕೊಂಡು ಓಡಾಡುವುದು. ಸ್ಪ್ಯಾನರ್ ಕೈಗೆ ಬರಲು ತಿಂಗಳುಗಟ್ಟಲೆ ಕಾಯಬೇಕಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ದೊಡ್ಡ ಭೂಕಂಪವಾಗಿ ಟೋಕಿಯೊ ಸುಟ್ಟುಹೋಯಿತು. ಗ್ಯಾರೇಜಿನಲ್ಲಿ ಉಳಿದವರು ಬೆರಳೆಣಿಕೆಯಷ್ಟು ಮಂದಿ. ಸುಟ್ಟ ಕಾರುಗಳನ್ನು ಮತ್ತೆ ಓಡುವಂತೆ ಮಾಡುವುದೇ ಹೊಂಡಾ ಅವರಿಗೆ ನಿಜವಾದ ಪಾಠಶಾಲೆಯಾಯಿತು.

ಮಾಲೀಕ ಯುಜೊ ಸಕಾಕಿಬಾರ ಅವರಿಗೆ ರೇಸಿನ ಹುಚ್ಚು. ಕರ್ಟಿಸ್ ವಿಮಾನವೊಂದರ ಹಳೆಯ ಎಂಜಿನ್ನನ್ನು ತಂದು, ಅಮೆರಿಕದ ಕಾರೊಂದರ ಚಾಸಿಗೆ ಕೂರಿಸಿ ರೇಸ್ ಕಾರು ಕಟ್ಟಿದರು. ಅದಕ್ಕೆ ಹಗಲು ರಾತ್ರಿ ದುಡಿದವರಲ್ಲಿ ಹೊಂಡಾ ಒಬ್ಬರು. 1924ರ ನವೆಂಬರಿನಲ್ಲಿ ಆ ಕಾರು ರೇಸು ಗೆದ್ದಿತು. ಓಡಿಸಿದವರು ಮಾಲೀಕರ ತಮ್ಮ ಶಿನಿಚಿ. ಪಕ್ಕದಲ್ಲಿ ಮೆಕ್ಯಾನಿಕ್ ಆಗಿ ಕುಳಿತಿದ್ದ ಹೊಂಡಾಗೆ ಆಗತಾನೇ 18 ತುಂಬಿತ್ತು. ಬಳಸಿ ಬಿಟ್ಟ ಎಂಜಿನ್ ಎಂದರೆ ಮುಗಿದುಹೋದ ಎಂಜಿನ್ ಅಲ್ಲ ಎಂಬ ಮೊದಲ ಪಾಠ ಅವರಿಗೆ ಸಿಕ್ಕಿದ್ದು ಇಲ್ಲಿ.

1928ರಲ್ಲಿ ಹಮಾಮಾತ್ಸುವಿನಲ್ಲಿ ಅದೇ ಗ್ಯಾರೇಜಿನ ಶಾಖೆ ತೆರೆದರು. ಮರದ ಕಡ್ಡಿಗಳ ಬದಲು ಎರಕದ ಕಬ್ಬಿಣದ ಕಡ್ಡಿಗಳಿರುವ ಚಕ್ರಕ್ಕೆ ಪೇಟೆಂಟ್ ಪಡೆದರು. ಫೋರ್ಡ್ ಎಂಜಿನ್ ಹಾಕಿ ತಾವೇ ರೇಸ್ ಕಾರು ಕಟ್ಟಿದರು. 1936ರ ಜೂನಿನಲ್ಲಿ ತಮಾಗಾವಾ ರೇಸ್ ಟ್ರ್ಯಾಕಿನಲ್ಲಿ ಆ ಕಾರು ಅಪಘಾತಕ್ಕೀಡಾಯಿತು. ಹೊಂಡಾ ಗಾಯಗೊಂಡರು, ಜೊತೆಗಿದ್ದ ತಮ್ಮ ಬೆಂಜಿರೊಗೆ ಇನ್ನೂ ದೊಡ್ಡ ಪೆಟ್ಟಾಯಿತು.

ಐವತ್ತರಲ್ಲಿ ಪಾಸಾದದ್ದು ಮೂರು

ಪಟ್ಟಿ ಮಾಡುವವರು ಬಿಟ್ಟುಬಿಡುವ ಭಾಗ ಇಲ್ಲಿಂದ ಶುರುವಾಗುತ್ತದೆ. ರಿಪೇರಿ ಸಾಕು, ಏನಾದರೂ ತಯಾರಿಸಬೇಕು ಎಂದು ಹೊಂಡಾ ಪಿಸ್ಟನ್ ರಿಂಗ್ ಮಾಡಲು ಹೊರಟರು. ನೋಡಲು ಸಣ್ಣ ಬಳೆ. ಆದರೆ ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಕುಳಿತು, ಉರಿಯುವ ಅನಿಲ ಕೆಳಗೆ ಸೋರದಂತೆ, ಎಣ್ಣೆ ಮೇಲೆ ಏರದಂತೆ ತಡೆಯುವುದು ಅದೇ. ಎರಕ ಹೊಯ್ದರು, ರಿಂಗ್ ಮುರಿಯಿತು. ಮತ್ತೆ ಹೊಯ್ದರು, ಮತ್ತೆ ಮುರಿಯಿತು. ಕೂಡಿಟ್ಟ ಹಣ ಕರಗುತ್ತಾ ಬಂತು.

ಆಗ ಹೊಂಡಾ ಅವರಿಗೆ ವಯಸ್ಸು 30ರ ಆಸುಪಾಸು. ಊರಿನಲ್ಲಿ ಹೆಸರಿದ್ದ ಗ್ಯಾರೇಜಿನ ಯಜಮಾನ. ಅಂಥವರು ಹಮಾಮಾತ್ಸುವಿನ ತಾಂತ್ರಿಕ ಕಾಲೇಜಿಗೆ ಹೋಗಿ ರಿಂಗನ್ನು ಪ್ರೊಫೆಸರ್ ಮುಂದಿಟ್ಟರು. ಪರೀಕ್ಷಿಸಿದಾಗ ಲೋಹದಲ್ಲಿ ಸಿಲಿಕಾನ್ ಸಾಲದು ಎಂದು ಗೊತ್ತಾಯಿತು. ಅಂಥದ್ದೊಂದು ವಸ್ತು ಬೇಕೆಂಬುದೇ ಅವರಿಗೆ ಅಲ್ಲಿಯತನಕ ತಿಳಿದಿರಲಿಲ್ಲ. 15 ವರ್ಷ ಸ್ಪ್ಯಾನರ್ ಹಿಡಿದ ಕೈಗೆ ಗೊತ್ತಾಗದ ಸಂಗತಿ ಅದು. ಹೊಂಡಾ ಅಲ್ಲೇ ತರಗತಿಗೆ ಸೇರಿಕೊಂಡರು, ತಮಗಿಂತ ಹತ್ತು ವರ್ಷಕ್ಕೂ ಚಿಕ್ಕ ಹುಡುಗರ ಜೊತೆ ಕುಳಿತು ಲೋಹಶಾಸ್ತ್ರ ಕೇಳಿದರು. ರಿಂಗಿಗೆ ಬೇಕಾದದ್ದನ್ನಷ್ಟೇ ಕೇಳಿ, ಪರೀಕ್ಷೆ ಬರೆಯದೆ ಉಳಿದದ್ದರಿಂದ ಅವರಿಗೆ ಡಿಪ್ಲೊಮಾ ಸಿಗಲಿಲ್ಲ, ಕಾಲೇಜು ಬಿಡಬೇಕಾಯಿತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಟೊಯೊಟಾ ಕಂಪನಿಗೆ ತೋರಿಸಲು ಆರಿಸಿ ಒಯ್ದ 50 ರಿಂಗ್‌ಗಳಲ್ಲಿ ಗುಣಮಟ್ಟ ಪರೀಕ್ಷೆ ದಾಟಿದ್ದು ಮೂರೇ ಮೂರು. ಹೊಂಡಾ ಮತ್ತೆ ದೇಶದ ಕಾಲೇಜುಗಳು, ಉಕ್ಕಿನ ಕಾರ್ಖಾನೆಗಳನ್ನು ಸುತ್ತಿ ತಯಾರಿಕೆಯ ವಿಧಾನ ಕಲಿತರು. ಆಮೇಲೆ ಅದೇ ಟೊಯೊಟಾಗೆ, ವಿಮಾನ ಎಂಜಿನ್ ತಯಾರಕರಿಗೆ ಅವರ ತೊಕಾಯ್ ಸೇಕಿ ಕಂಪನಿಯ ರಿಂಗ್ ಹೋಗತೊಡಗಿತು.

ಈ ಭಾಗ ನನಗೆ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಕಳೆದ ರಜೆಯಲ್ಲಿ ನಾವು ಮೂವರು ಗೆಳೆಯರು ದುಡ್ಡು ಕೂಡಿಸಿ ಒಂದೂವರೆ ಲೀಟರಿನ ಹಳೆಯ ಪೆಟ್ರೋಲ್ ಎಂಜಿನ್ ಕೊಂಡೆವು. ಯಡಿಯೂರಿನಲ್ಲಿ ನಮ್ಮ ಮಾವನ ಗ್ಯಾರೇಜಿದೆ, ಅಲ್ಲೇ ಕೆಲಸ. ಕಂಪ್ರೆಷನ್ ಗೇಜ್ ಹಾಕಿ ನೋಡಿದರೆ ಮೂರು ಸಿಲಿಂಡರ್ 170ರ ಮೇಲೆ, ನಾಲ್ಕನೆಯದು 130. ಮಾವ ಆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಲು ಹೇಳಿದರು. ಮುಳ್ಳು ಮೇಲೇರಿತು. ಎಣ್ಣೆ ಸಂದು ಮುಚ್ಚಿದ್ದರಿಂದ ಒತ್ತಡ ಏರಿದೆ ಎಂದರೆ ಸೋರಿಕೆ ವಾಲ್ವಿನಲ್ಲಿಲ್ಲ, ರಿಂಗಿನಲ್ಲಿದೆ. ಹೊಸ ರಿಂಗಿನ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ ಅಳೆದೆವು. ಇರಬೇಕಾದದ್ದು ಮಿಲಿಮೀಟರಿನ ಕಾಲು ಭಾಗದಷ್ಟು. ಸಂದು ಕಡಿಮೆಯಾದರೆ ಬಿಸಿಗೆ ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ಗುದ್ದಿ ಸಿಲಿಂಡರನ್ನು ಗೀರುತ್ತವೆ, ಹೆಚ್ಚಾದರೆ ಶಕ್ತಿ ಸೋರುತ್ತದೆ. ಹೋನಿಂಗ್ ಮಾಡಿಸಿ, ವಾಲ್ವ್ ಗ್ರೈಂಡಿಂಗ್ ಮಾಡಿ, ನಾಲ್ಕೂ ಪಿಸ್ಟನ್ನುಗಳ ತೂಕ ಸರಿದೂಗಿಸಿ ಕೂರಿಸಿದ ಮೇಲೆ ನಾಲ್ಕೂ ಸಿಲಿಂಡರ್ 180ರ ಹತ್ತಿರ ಬಂದವು.

ಜೋರು ಸದ್ದಿನ ಸೈಲೆನ್ಸರ್ ಹಾಕುವುದನ್ನೇ ಪರ್ಫಾರ್ಮೆನ್ಸ್ ಎಂದುಕೊಂಡವರಿಗೆ ಇದು ಸಪ್ಪೆ ಎನಿಸಬಹುದು. ಆದರೆ ರಸ್ತೆಯ ಗಾಡಿಯ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ತಯಾರಕರು ಕೊಟ್ಟ ಅಳತೆಗೆ ಎಂಜಿನ್ನನ್ನು ಕೂದಲೆಳೆಯಷ್ಟೂ ತಪ್ಪದಂತೆ ತರುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಹಳೆಯ ಎಂಜಿನ್ನಿನಲ್ಲಿ ಕಳೆದುಹೋದ ಶಕ್ತಿಯ ದೊಡ್ಡ ಪಾಲು ಅಲ್ಲೇ ಮರಳಿ ಸಿಗುತ್ತದೆ.

ಐನೂರು ಗುಜರಿ ಎಂಜಿನ್

ಯುದ್ಧ ಹೊಂಡಾ ಅವರನ್ನು ಮತ್ತೆ ಸೊನ್ನೆಗೆ ತಂದು ನಿಲ್ಲಿಸಿತು. ಬಾಂಬ್ ದಾಳಿಯಲ್ಲಿ, 1945ರ ಜನವರಿಯ ಭೂಕಂಪದಲ್ಲಿ ಕಾರ್ಖಾನೆಗಳು ಹಾಳಾದವು. ಉಳಿದದ್ದನ್ನು ಟೊಯೊಟಾಗೆ 4,50,000 ಯೆನ್‌ಗೆ ಮಾರಿ ಒಂದು ವರ್ಷ ಸುಮ್ಮನಿದ್ದರು. 1946ರಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ಸೇನೆಯ ವೈರ್‌ಲೆಸ್ ಸೆಟ್‌ಗೆ ಕರೆಂಟು ಕೊಡುತ್ತಿದ್ದ ಪುಟ್ಟ ಎಂಜಿನ್. ಯುದ್ಧ ಮುಗಿದ ಮೇಲೆ ಅದು ಯಾರಿಗೂ ಬೇಡವಾದ ಸಾಮಾನು. ಹೊಂಡಾ ಅದನ್ನು ಸೈಕಲ್ಲಿಗೆ ಕಟ್ಟಿದರು. ಮೊದಲ ಪ್ರಯೋಗದಲ್ಲಿ ಪೆಟ್ರೋಲ್ ಟ್ಯಾಂಕ್ ಆದದ್ದು ಹಾಸಿಗೆ ಬೆಚ್ಚಗಿಡುವ ಬಿಸಿನೀರಿನ ಡಬ್ಬಿ. ಓಡಿಸಿ ನೋಡಿದವರಲ್ಲಿ ಹೆಂಡತಿ ಸಾಚಿ ಕೂಡ ಇದ್ದರು.

ಅಂಥ ಸುಮಾರು 500 ಎಂಜಿನ್ ಸಿಕ್ಕವು. ಸಿಕ್ಕದ್ದನ್ನು ಹಾಗೇ ಕಟ್ಟಿ ಮಾರಲಿಲ್ಲ. ಒಂದೊಂದನ್ನೂ ಬಿಚ್ಚಿ, ಸರಿಪಡಿಸಿ, ಜೋಡಿಸಿ, ಓಡಿಸಿ ನೋಡಿ ಕೊಟ್ಟರು. ಬಸ್ಸು ರೈಲು ಸಿಗದೆ ಒದ್ದಾಡುತ್ತಿದ್ದ ಜನ ಮುಗಿಬಿದ್ದು ಕೊಂಡರು. ಗುಜರಿ ಎಂಜಿನ್ ಮುಗಿದಾಗ 1947ರಲ್ಲಿ ಸ್ವಂತ ಎಂಜಿನ್ ಮಾಡಿದರು. 1948ರ ಸೆಪ್ಟೆಂಬರ್ 24ರಂದು ಹೊಂಡಾ ಮೋಟಾರ್ ಕಂಪನಿ ಹುಟ್ಟಿತು. ಮರುವರ್ಷ ಜೊತೆಯಾದ ತಾಕೆಯೊ ಫುಜಿಸಾವಾ ಹಣ ಮತ್ತು ಮಾರಾಟದ ಹೊಣೆ ಹೊತ್ತದ್ದರಿಂದ ಹೊಂಡಾ ವರ್ಕ್‌ಶಾಪಿನಲ್ಲೇ ಉಳಿಯಲು ಸಾಧ್ಯವಾಯಿತು.

ಅದೇ ಗಾಳಿ, ಮೂರು ಪಟ್ಟು ಶಕ್ತಿ

1954ರಲ್ಲಿ ಹೊಂಡಾ ಬ್ರಿಟನ್ನಿನ ಐಲ್ ಆಫ್ ಮ್ಯಾನ್ ಬೈಕ್ ರೇಸಿಗೆ ತಮ್ಮ ತಂಡ ಇಳಿಯಲಿದೆ ಎಂದು ಘೋಷಿಸಿಯೇಬಿಟ್ಟರು. ಅದೇ ಜೂನಿನಲ್ಲಿ ಹೋಗಿ ನೋಡಿದಾಗ ಎದೆ ಧಸಕ್ಕೆಂದಿತು. ಅಷ್ಟೇ ಸಿಸಿಯ ಯುರೋಪಿನ ಎಂಜಿನ್ನುಗಳು ಅವರ ಎಂಜಿನ್ನಿನ ಮೂರು ಪಟ್ಟು ಶಕ್ತಿ ಕೊಡುತ್ತಿದ್ದವು. ಗಾಳಿ ಅದೇ, ಸಿಲಿಂಡರಿನ ಗಾತ್ರ ಅದೇ. ಹಾಗಿದ್ದರೆ ಕೊರತೆ ಎಂಜಿನ್ನಿನ ಉಸಿರಾಟದಲ್ಲಿದೆ, ಸುತ್ತುಗಳಲ್ಲಿದೆ. ಬರುವಾಗ ಕಾರ್ಬುರೇಟರ್, ಚೈನು, ಟೈರುಗಳನ್ನು ಕೊಂಡು ತಂದು ಬಿಚ್ಚಿ ನೋಡಿದರು. ತಂಡ ರೇಸಿಗಿಳಿಯಲು ಐದು ವರ್ಷ ಬೇಕಾಯಿತು. 1959ರಲ್ಲಿ 125 ಸಿಸಿ ವಿಭಾಗದಲ್ಲಿ ಆರನೇ ಸ್ಥಾನ, ಜೊತೆಗೆ ತಂಡ ಪ್ರಶಸ್ತಿ. 1961ರಲ್ಲಿ 125 ಮತ್ತು 250 ಸಿಸಿ ಎರಡರಲ್ಲೂ ಮೊದಲ ಐದು ಸ್ಥಾನ ಹೊಂಡಾ ಬೈಕುಗಳದ್ದೇ.

ಗುಟ್ಟು ಎಲ್ಲಿತ್ತು? ಸಿಲಿಂಡರನ್ನು ಚಿಕ್ಕದು ಮಾಡಿ ಸಂಖ್ಯೆ ಹೆಚ್ಚಿಸಿದರು, ಒಂದೊಂದಕ್ಕೂ ನಾಲ್ಕು ಪುಟ್ಟ ವಾಲ್ವ್ ಕೊಟ್ಟರು. ಬಿಡಿಭಾಗ ಹಗುರವಾದಷ್ಟೂ ಎಂಜಿನ್ ವೇಗವಾಗಿ ಸುತ್ತಬಲ್ಲದು. ಮುಂದೆ ಬಂದ 250 ಸಿಸಿಯ ಆರು ಸಿಲಿಂಡರ್ ಬೈಕಿನ ಎಂಜಿನ್ ನಿಮಿಷಕ್ಕೆ ಸುಮಾರು 18,000 ಸುತ್ತು ಸುತ್ತುತ್ತಿತ್ತು. 1964ರಲ್ಲಿ ಫಾರ್ಮುಲಾ ಒನ್‌ಗೆ ಬಂದ ಕಂಪನಿ, ಮರುವರ್ಷ ಮೆಕ್ಸಿಕೊದಲ್ಲಿ ಒಂದೂವರೆ ಲೀಟರಿನ 12 ಸಿಲಿಂಡರ್ ಎಂಜಿನ್ನಿನ ಕಾರಿನಿಂದ ಮೊದಲ ಗೆಲುವು ಕಂಡಿತು. ಓಡಿಸಿದವರು ಅಮೆರಿಕದ ರಿಚಿ ಗಿಂಥರ್. ಈ ಯಾವ ಎಂಜಿನ್ನಿಗೂ ಟರ್ಬೊ ಇರಲಿಲ್ಲ.

ಗುರು ಸೋತ ಪಾಠ

ಹೊಂಡಾ ದೇವರೇನಲ್ಲ. ಎಂಜಿನ್ನನ್ನು ಗಾಳಿಯಿಂದಲೇ ತಣಿಸಬೇಕು, ನೀರು ಬೇಡ ಎಂಬ ಹಟ ಅವರಿಗಿತ್ತು. 1968ರಲ್ಲಿ ಅಂಥ ರೇಸ್ ಕಾರೊಂದನ್ನು ಕಟ್ಟಿದರು. ತಂಡದ ಚಾಲಕ ಜಾನ್ ಸರ್ಟೀಸ್ ಅದನ್ನು ರೇಸಿನಲ್ಲಿ ಓಡಿಸಲು ಒಪ್ಪಲಿಲ್ಲ. ಜುಲೈ 7ರಂದು ಫ್ರಾನ್ಸಿನ ರೂವಾನ್‌ನಲ್ಲಿ ಅದನ್ನು ಓಡಿಸಿದ ಜೋ ಶ್ಲೆಸರ್ ಅಪಘಾತದಲ್ಲಿ ಸುಟ್ಟು ಸತ್ತರು. ಆದರೂ ರಸ್ತೆಯ ಕಾರುಗಳಲ್ಲಿ ಹಟ ಮುಂದುವರಿಯಿತು. ಹೊಗೆ ಕಡಿಮೆ ಮಾಡಬೇಕಾದರೆ ಎಂಜಿನ್ನಿನ ಬಿಸಿ ಹಿಡಿತದಲ್ಲಿರಬೇಕು, ಅದಕ್ಕೆ ನೀರೇ ಬೇಕು ಎಂದು ಕಾಲೇಜಿನಲ್ಲಿ ಓದಿ ಬಂದ ಕಿರಿಯ ಎಂಜಿನಿಯರ್‌ಗಳು ವಾದಿಸಿದರು. ಕೊನೆಗೆ ಫುಜಿಸಾವಾ ಮಧ್ಯೆ ಬಂದು, ಕಂಪನಿಯ ಅಧ್ಯಕ್ಷರಾಗಿ ಉಳಿಯುತ್ತೀರೋ, ಎಂಜಿನಿಯರ್ ಆಗಿ ಉಳಿಯುತ್ತೀರೋ ಎಂದು ಕೇಳಿದರು. ಹೊಂಡಾ ಹಟ ಬಿಟ್ಟರು. ಆ ಕಿರಿಯರು ನೀರಿನಿಂದ ತಣಿಸಿದ ಸಿವಿಸಿಸಿ ಎಂಜಿನ್ ಮಾಡಿದರು. 1972ರಲ್ಲಿ ಅದು ಅಮೆರಿಕದ ಕಟ್ಟುನಿಟ್ಟಿನ ಹೊಗೆ ನಿಯಮದ ಪರೀಕ್ಷೆಯನ್ನು ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದೆಯೇ ಪಾಸಾಯಿತು.

ಮರುವರ್ಷ, 1973ರಲ್ಲಿ, ಹೊಂಡಾ ನಿವೃತ್ತರಾದರು. ಫುಜಿಸಾವಾ ಕೂಡ ಜೊತೆಗೇ ಕೆಳಗಿಳಿದರು. ಮಕ್ಕಳನ್ನು ಕುರ್ಚಿಯ ಮೇಲೆ ಕೂರಿಸಲಿಲ್ಲ. ಆಮೇಲೆ ದೇಶದ ಉದ್ದಗಲಕ್ಕೂ ಸುತ್ತಿ ಕಾರ್ಖಾನೆ, ಅಂಗಡಿಗಳ ಕೆಲಸಗಾರರನ್ನು ಕಂಡು ಕೈಕುಲುಕಿದರು. ಎಣ್ಣೆ ಮೆತ್ತಿದ ಕೈಯನ್ನು ಹಿಂದಕ್ಕೆಳೆದುಕೊಂಡವರ ಕೈಯನ್ನೂ ಬಿಡಲಿಲ್ಲ. 1991ರ ಆಗಸ್ಟ್ 5ರಂದು ತೀರಿಕೊಂಡರು. ಅವರ ಹೆಸರಿನ ಸ್ಕೂಟರುಗಳು ಇಂದು ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲೂ ತಯಾರಾಗುತ್ತಿವೆ.

ಗುಜರಿ ಎಂಜಿನ್ ಬಿಚ್ಚುವುದರಿಂದ ಕೆಲಸ ಸಿಗುತ್ತದೆಯೇ ಎಂದು ಮನೆಯಲ್ಲಿ ಕೇಳುತ್ತಾರೆ. ಕ್ಯಾಂಪಸ್ ಸಂದರ್ಶನ ಹತ್ತಿರ ಬರುತ್ತಿರುವ ಎಲ್ಲರ ಮನೆಯಲ್ಲೂ ಇಂಥದ್ದೊಂದು ಪ್ರಶ್ನೆ ಇದ್ದೇ ಇರುತ್ತದೆ. ಸಿಕ್ಕೇ ಸಿಗುತ್ತದೆ ಎನ್ನುವ ಧೈರ್ಯ ನನಗಿಲ್ಲ. ಆದರೆ ಹೊಂಡಾ ಅವರ ಬದುಕು ಓದು ದಂಡ ಎಂದು ಹೇಳುತ್ತದೆ ಎನ್ನುವವರ ಮಾತನ್ನು ನಾನಂತೂ ನಂಬುವುದಿಲ್ಲ. ಕೈಗೆ ತಿಳಿಯದ್ದನ್ನು ಕೇಳಲು ಅವರು ಕಾಲೇಜಿನ ಬಾಗಿಲಿಗೆ ಹೋದರು, ತಾವು ಒಪ್ಪದ್ದನ್ನು ಓದಿದ ಹುಡುಗರಿಂದ ಕಲಿತರು. ನಮಗೆ ಆ ಬಾಗಿಲು 18ಕ್ಕೇ ತೆರೆದಿದೆ. ಲೋಹಶಾಸ್ತ್ರದ ನೋಟ್ಸಿನಲ್ಲಿರುವ ಸಿಲಿಕಾನ್ ಎಂಬ ಒಂದು ಪದಕ್ಕಾಗಿ ಅವರು ಕೂಡಿಟ್ಟದ್ದನ್ನೆಲ್ಲ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದರು. ನಮಗೆ ಅದು ಎರಡು ಅಂಕದ ಪ್ರಶ್ನೆ. ಒಂದು ರಿಂಗನ್ನು ಕೈಯಲ್ಲಿ ಹಿಡಿದು ಆ ಪುಟವನ್ನು ಓದಿ ನೋಡಿ, ಎರಡು ಅಂಕಕ್ಕಿಂತ ಹೆಚ್ಚು ಸಿಗುತ್ತದೆ.