ಉಸಿರಿನ ಹಾದಿಗೆ ದೀಪವಿಟ್ಟ ವೈದ್ಯ

ಅಡಕೆ ಸುಲಿತದ ದಿನಗಳಲ್ಲಿ ಕಳಸದ ಸೀಮೆಯ ಮನೆಗಳ ಜಗಲಿಯ ಮೇಲೆ ದೊಡ್ಡವರ ನಡುವೆ ಎಳೆಯ ಮಕ್ಕಳೂ ಕುಳಿತಿರುವುದುಂಟು. ಬಾಯಿಗೆ ಹಾಕಿಕೊಂಡ ಚೂರೊಂದು ನಗೆಯ ಭರದಲ್ಲಿ ಅನ್ನದ ಹಾದಿಯನ್ನು ಬಿಟ್ಟು ಉಸಿರಿನ ಹಾದಿಯನ್ನು ಹಿಡಿದರೆ ಮಗು ಕೆಮ್ಮಿ ಕೆಮ್ಮಿ ಕಂದಿಹೋಗುತ್ತದೆ. ಕೆಲವು ವೇಳೆ ಕೆಮ್ಮು ತಾನಾಗಿ ನಿಂತು, ಗಂಡಾಂತರ ಕಳೆಯಿತೆಂದು ಮನೆಯವರು ನೆಮ್ಮದಿಗೊಳ್ಳುತ್ತಾರೆ. ಚೂರು ಮಾತ್ರ ಒಳಗೇ ಉಳಿದಿರುತ್ತದೆ. ಘಟ್ಟವಿಳಿದು ದೊಡ್ಡ ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಕೊಳವೆಯಿಳಿಸಿ ಅದನ್ನು ಹೊರತೆಗೆಯುತ್ತಾರೆ. ಈ ವಿದ್ಯೆಯನ್ನು ಕ್ರಮಬದ್ಧವಾಗಿ ಬೆಳೆಸಿದವರಲ್ಲಿ ಅಗ್ರಗಣ್ಯರು ಅಮೆರಿಕದ ಷೆವಾಲಿಯರ್ ಜಾಕ್ಸನ್ನರು.

1865ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಜನಿಸಿದ ಜಾಕ್ಸನ್ನರು ಬಾಲ್ಯದಲ್ಲಿ ಕೃಶಕಾಯರು. ಒರಟು ಹುಡುಗರು ಒಮ್ಮೆ ಅವರನ್ನು ಕಲ್ಲಿದ್ದಲಿನ ಪಾಳುಗುಂಡಿಯೊಳಗೆ ತಳ್ಳಿದ್ದರಂತೆ. ಗಾಜಿನ ಸಾಮಾನುಗಳ ಮೇಲೆ ಚಿತ್ರ ಬರೆದು ಗಳಿಸಿದ ಹಣದಿಂದ ಓದಿ, 1886ರಲ್ಲಿ ಜೆಫರ್ಸನ್ ವೈದ್ಯ ಕಾಲೇಜಿನ ಪದವಿ ಪಡೆದರು. ಎರಡು ಕೈಗಳಲ್ಲೂ ಸಮಾನ ಚಾತುರ್ಯವಿದ್ದ ಅವರನ್ನು ಸವ್ಯಸಾಚಿಯೆಂದರೆ ಅತಿಶಯವಾಗದು.

1897ರಲ್ಲಿ ಜರ್ಮನಿಯ ಗುಸ್ಟಾಫ್ ಕಿಲಿಯನ್ನರು ರೈತನೊಬ್ಬನ ಶ್ವಾಸನಾಳದಿಂದ ಎಲುಬಿನ ಚೂರನ್ನು ಕೊಳವೆಯ ಮೂಲಕ ತೆಗೆದಿದ್ದರು. ಬೆಳಕನ್ನು ಹೊರಗಿನಿಂದ ಹಾಯಿಸಬೇಕಾಗಿತ್ತು. ಜಾಕ್ಸನ್ನರು ಕೊಳವೆಯ ಒಳತುದಿಯಲ್ಲೇ ಪುಟ್ಟ ವಿದ್ಯುದ್ದೀಪವನ್ನಿಟ್ಟರು. ಬಾಯ್ದೆರೆದ ಪಿನ್ನನ್ನು ಹಾಗೆಯೇ ಸೆಳೆದರೆ ಅದರ ಮೊನೆ ನಾಳವನ್ನು ಸೀಳುವುದು. ಒಳಗೇ ಅದನ್ನು ಮುಚ್ಚುವ ಸಲಕರಣೆಯನ್ನು ಕಲ್ಪಿಸಿದರು. ಲೋಹ ಎಕ್ಸ್‌ರೇಯಲ್ಲಿ ಕಾಣುತ್ತದೆ, ಕಡಲೆಕಾಯಿ ಬೀಜ ಕಾಣದು. ಅದು ಊದಿಕೊಂಡು ಉರಿಯೂತವನ್ನೂ ತರುತ್ತದೆ. ಇದನ್ನು ಅವರು ವೈದ್ಯರಿಗೂ ತಾಯಂದಿರಿಗೂ ಬೇಸರವಿಲ್ಲದೆ ಹೇಳುತ್ತಿದ್ದರು.

ಅವರನ್ನು ಹೆಚ್ಚಾಗಿ ಕಾಡಿದ್ದು ಮನೆಗಳಲ್ಲಿ ಶುಚಿಕಾರ್ಯಕ್ಕೆ ಇಡುತ್ತಿದ್ದ ತೀಕ್ಷ್ಣ ಕ್ಷಾರ. ಸಕ್ಕರೆಯೆಂದು ಅದನ್ನು ಬಾಯಿಗೆ ಹಾಕಿಕೊಂಡ ಮಕ್ಕಳ ಅನ್ನನಾಳ ಸುಟ್ಟು ಮುಚ್ಚಿಕೊಳ್ಳುತ್ತಿತ್ತು. ಅಂಥ ಒಬ್ಬ ಬಡ ಹುಡುಗಿಗೆ ಹಲವು ದಿನಗಳಿಂದ ನೀರೂ ಇಳಿದಿರಲಿಲ್ಲ. ಜಾಕ್ಸನ್ನರು ಕೊಳವೆಯಿಳಿಸಿ ತಡೆಯನ್ನು ತೆಗೆದರು. ದಾದಿ ಒಂದು ಲೋಟ ನೀರು ಕೊಟ್ಟಳು. ಮಗು ಅಂಜುತ್ತ ಒಂದು ಗುಟುಕು ಕುಡಿಯಿತು, ಮತ್ತೊಂದು ಕುಡಿಯಿತು. ಬಳಿಕ ವೈದ್ಯರ ಕೈಯನ್ನು ಹಿಡಿದು ಮುತ್ತಿಟ್ಟಿತು. ಅಂಥ ಡಬ್ಬಿಗಳ ಮೇಲೆ ವಿಷವೆಂಬ ಎಚ್ಚರಿಕೆ ಇರಬೇಕೆಂದು ಅವರು ವರ್ಷಗಟ್ಟಲೆ ಹೋರಾಡಿದರು. ಕ್ಷಯರೋಗ ಮತ್ತೆ ಮತ್ತೆ ಮಲಗಿಸಿದರೂ ಹಟ ಬಿಡಲಿಲ್ಲ. 1927ರಲ್ಲಿ ಅಮೆರಿಕದಲ್ಲಿ ಆ ಶಾಸನವಾಯಿತು. ಶಸ್ತ್ರವೈದ್ಯರೊಬ್ಬರು ಮುಟ್ಟದೆಯೇ ಕಾಪಾಡಿದ ಮಕ್ಕಳ ಲೆಕ್ಕವನ್ನು ಯಾರಿಟ್ಟಾರು!

1958ರಲ್ಲಿ ಅವರು ತೀರಿಕೊಂಡರು. ಅವರ ಕೊಳವೆ ಬಾಗದ ಲೋಹದ್ದು. 1960ರ ದಶಕದಲ್ಲಿ ಜಪಾನಿನ ಷಿಗೆಟೊ ಇಕೆಡಾ ಅವರು ಗಾಜಿನ ಎಳೆಗಳಿಂದ ಬಳುಕುವ ದರ್ಶಕವನ್ನು ರೂಪಿಸಿದರು. ಹಸುಗೂಸಿನ ಉಸಿರುನಾಳದ ಅತಿ ಕಿರಿದಾದ ಎಡೆ 4-5 ಮಿಲಿಮೀಟರಿನಷ್ಟೇ. ಅಲ್ಲಿ ತುಸು ಊತವೂ ಪ್ರಾಣಾಪಾಯ. ಈಗ 2.8 ಮಿಲಿಮೀಟರಿನ, 2.2 ಮಿಲಿಮೀಟರಿನ ದರ್ಶಕಗಳೂ ಇವೆ. ಮೂಗಿನಿಂದ ಅದನ್ನಿಳಿಸಿದಾಗ ಮಗು ಅದರ ಪಕ್ಕದಿಂದಲೇ ಉಸಿರಾಡುತ್ತಿರುತ್ತದೆ. ಆದರೂ ಸಿಕ್ಕಿಕೊಂಡ ಬೀಜವನ್ನು ತೆಗೆಯಲು ವೈದ್ಯರು ಸಾಮಾನ್ಯವಾಗಿ ನೆಚ್ಚುವುದು ಜಾಕ್ಸನ್ನರ ಪರಂಪರೆಯ ನೆಟ್ಟನೆಯ ಕೊಳವೆಯನ್ನೇ.

ತೆಗೆದ ವಸ್ತುಗಳನ್ನು ಅವರು ಎಸೆಯುತ್ತಿರಲಿಲ್ಲ. ಫಿಲಡೆಲ್ಫಿಯದ ಮ್ಯೂಟರ್ ವಸ್ತುಸಂಗ್ರಹಾಲಯದ ಸೆಳೆಖಾನೆಗಳಲ್ಲಿ ಗುಂಡಿ, ಪಿನ್ನು, ನಾಣ್ಯ, ಬೀಜ ಎಲ್ಲ ಸೇರಿ ಅಂಥವು 2,374 ಇವೆ.