ಮುಚ್ಚಳಿಕೆ ಕೇಳಿದ್ದು ತಿಲಕರಿಗೂ: ಬೆಳಗಾವಿ ಭಾಷಣದ ಕೇಸು ಹೈಕೋರ್ಟಲ್ಲಿ ಬಿದ್ದ ಕಥೆ

ಗಣೇಶ ಹಬ್ಬ ಹತ್ತಿರ ಬಂತು ಅಂದ್ರೆ ತಾಲೂಕು ಕಚೇರಿ ಮುಂದೆ ಮುಚ್ಚಳಿಕೆ ಬರೆದುಕೊಡೋರ ಸಾಲು. ಹೋದ ವರ್ಷ ಸುದ್ದಿಗೆ ಅಂತ ಹೋಗಿ ನಾನೂ ಮಧ್ಯಾಹ್ನದವರೆಗೆ ಅಲ್ಲೇ ನಿಂತಿದ್ದೆ. ಇದು ಕೇಸಾ, ಶಿಕ್ಷೆಯಾ, ಬರೀ ಸಹಿಯಾ ಅಂತ ಸಾಲಲ್ಲಿದ್ದ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಗಣಪತಿ ಹಬ್ಬವನ್ನು ಮನೆಯಿಂದ ಬೀದಿಗೆ ತಂದು ಬೆಳೆಸಿದ ಬಾಲಗಂಗಾಧರ ತಿಲಕರಿಂದಲೂ ಸರ್ಕಾರ ಮುಚ್ಚಳಿಕೆ ಕೇಳಿತ್ತು. ಅದೂ ಬೆಳಗಾವಿಯಲ್ಲಿ ಮಾಡಿದ ಭಾಷಣಕ್ಕೆ.

ತಿಲಕರು ಹುಟ್ಟಿದ್ದು 1856ರ ಜುಲೈ 23ರಂದು, ರತ್ನಾಗಿರಿ ಕಡೆ. ಕಾನೂನು ಓದಿದರೂ ಕರಿಕೋಟು ಹಾಕಲಿಲ್ಲ. ಪುಣೆಯಲ್ಲಿ ಶಾಲೆ ಕಟ್ಟಿ, ಕೇಸರಿ ಪತ್ರಿಕೆ ನಡೆಸಿದರು. 1882ರಲ್ಲಿ ಕೊಲ್ಹಾಪುರದ ದಿವಾನರು ಹಾಕಿದ ಮಾನಹಾನಿ ಕೇಸಲ್ಲಿ 4 ತಿಂಗಳ ಸಜೆ ಆಯ್ತು. ಅದು ಶುರು ಅಷ್ಟೇ.

1897ರಲ್ಲಿ ಕೇಸರಿಯ ಬರಹಕ್ಕೆ ರಾಜದ್ರೋಹದ ಕೇಸು ಬಿತ್ತು. ಮ್ಯಾಜಿಸ್ಟ್ರೇಟ್ ಜಾಮೀನು ಕೊಡಲಿಲ್ಲ. ಹೈಕೋರ್ಟಲ್ಲೂ ಮೊದಲ ಸಲ ಸಿಗಲಿಲ್ಲ. ಮತ್ತೆ ಅರ್ಜಿ ಹಾಕಿದಾಗ ನ್ಯಾಯಮೂರ್ತಿ ಬದ್ರುದ್ದೀನ್ ತಯ್ಯಬ್ಜಿ ಕೊಟ್ಟರು. ಒಂದು ಸಲ ವಜಾ ಆದ್ರೆ ಜಾಮೀನಿನ ಬಾಗಿಲು ಮುಚ್ಚಿತು ಅಂದ್ಕೊಳ್ಳೋರು ಇದನ್ನ ನೆನಪಿಡಬೇಕು. ವಿಚಾರಣೆಯಲ್ಲಿ 9 ಜನ ಜ್ಯೂರಿ ಕೂತಿದ್ದರು. 6 ಯುರೋಪಿಯನ್ನರು ತಪ್ಪಿತಸ್ಥ ಅಂದರು, 3 ಭಾರತೀಯರು ಅಲ್ಲ ಅಂದರು. ತಲೆ ಎಣಿಸಿ 18 ತಿಂಗಳ ಕಠಿಣ ಸಜೆ.

ಆಗ ತಿಲಕರ ಪರ ಜಾಮೀನು ಕೇಳಿದ ವಕೀಲರು ದಾವರ್. 1908ರ ರಾಜದ್ರೋಹ ಕೇಸಿನ ಹೊತ್ತಿಗೆ ಅದೇ ದಾವರ್ ಹೈಕೋರ್ಟ್ ಜಡ್ಜ್ ಆಗಿದ್ದರು, ಜಾಮೀನು ಕೊಡಲಿಲ್ಲ! ತಿಲಕರು ತಮ್ಮ ವಾದ ತಾವೇ ಮಾಡಿದರು, ದಿನಗಟ್ಟಲೆ. ಜ್ಯೂರಿ 7-2ರಲ್ಲಿ ತಪ್ಪಿತಸ್ಥ ಅಂದಿತು. 6 ವರ್ಷ ಮಂಡಾಲೆ ಜೈಲು.

ಬಿಡುಗಡೆಯಾಗಿ ಬಂದ ಮೇಲೆ, 1916ರ ಮೇ 1ರಂದು ಬೆಳಗಾವಿಯಲ್ಲಿ ಸ್ವರಾಜ್ಯದ ಮೇಲೆ ಮಾತಾಡಿದರು. ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಆಮೇಲೆ ಅಹ್ಮದ್‌ನಗರದಲ್ಲಿ ಎರಡು ಭಾಷಣ. ಜುಲೈ 23ಕ್ಕೆ 60 ತುಂಬಿತು. ಪುಣೆಯಲ್ಲಿ ಅಭಿಮಾನಿಗಳು 1 ಲಕ್ಷ ರೂಪಾಯಿ ನಿಧಿ ಅರ್ಪಿಸುವ ಸಂಭ್ರಮದಲ್ಲಿದ್ದಾಗಲೇ ನೋಟಿಸ್ ಬಂತು. ಒಂದು ವರ್ಷ ಸರಿಯಾಗಿ ನಡ್ಕೊಳ್ತೀನಿ ಅಂತ ಸ್ವಂತ ಹೆಸರಲ್ಲಿ 20,000 ರೂಪಾಯಿಗೆ ಬಾಂಡ್ ಬರೀಬೇಕು, ಮೇಲೆ 10,000 ರೂಪಾಯಿಯ ಇಬ್ಬರು ಜಾಮೀನುದಾರರು ಬೇಕು. ಆ ಕಾಲದ ದುಡ್ಡು ಅದು!

ಈ ಸಲ ರಾಜದ್ರೋಹದ ಕೇಸು ಹಾಕಲಿಲ್ಲ, ಜ್ಯೂರಿಯೂ ಇಲ್ಲ. ದಂಡ ಪ್ರಕ್ರಿಯಾ ಸಂಹಿತೆಯ ಕಲಂ 108 ಹಿಡಿದರು. ಆಗಿದ್ದಕ್ಕೆ ಶಿಕ್ಷೆ ಕೊಡೋ ಕಲಂ ಅಲ್ಲ ಇದು, ಮುಂದೆ ಮಾಡಬಹುದು ಅನ್ನೋ ಭಯಕ್ಕೆ ಕಟ್ಟಿಹಾಕೋದು. ಸುಲಭದ ದಾರಿ. ಪುಣೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಬಾಂಡ್ ಕೊಡಲೇಬೇಕು ಅಂದರು.

ತಿಲಕರು ಸುಮ್ಮನಾಗದೆ ಹೈಕೋರ್ಟಿಗೆ ಹೋದರು. ವಾದಿಸಿದ್ದು ಮಹಮ್ಮದ್ ಅಲಿ ಜಿನ್ನಾ. ಅಲ್ಲೊಂದು ಇಲ್ಲೊಂದು ಮಾತು ಹೆಕ್ಕಬಾರದು, ಭಾಷಣ ಪೂರ್ತಿ ನೋಡಬೇಕು ಎಂದು ನ್ಯಾಯಮೂರ್ತಿಗಳಾದ ಬ್ಯಾಚಲರ್ ಮತ್ತು ಶಾ ಹೇಳಿದರು. 1916ರ ನವೆಂಬರ್ 9ರಂದು ಆದೇಶ ರದ್ದಾಯ್ತು. ಮೂರು ದೊಡ್ಡ ಕೇಸುಗಳಲ್ಲಿ ತಿಲಕರು ಗೆದ್ದಿದ್ದು ಇದೊಂದೇ, ಅದೂ ಮುಚ್ಚಳಿಕೆ ಕೇಸು.

ಜ್ಯೂರಿ ಪದ್ಧತಿ ಹೋಗಿದೆ. ಮುಚ್ಚಳಿಕೆ ಹೋಗಿಲ್ಲ. ನಮ್ಮವರು 107 ಅಂತ ಕರೆಯೋ ಕಲಂ, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 126 ಆಗಿದೆ. ಪೊಲೀಸರು ಏನು ವರದಿ ಕೊಟ್ಟಿದ್ದಾರೆ, ಬಾಂಡ್ ಎಷ್ಟು, ಎಷ್ಟು ದಿನಕ್ಕೆ ಅನ್ನೋದು ಮ್ಯಾಜಿಸ್ಟ್ರೇಟರ ಲಿಖಿತ ಆದೇಶದಲ್ಲಿ ಇರಬೇಕು. ತಕರಾರಿದ್ದರೆ ವಿಚಾರಣೆಯಲ್ಲಿ ಹೇಳಬಹುದು. ಬಾಂಡ್ ಕೊಡಿ ಅಂತ ಆದೇಶವಾದರೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಇದೆ. ಅವತ್ತು ಸಾಲಲ್ಲಿದ್ದ ಹುಡುಗರಲ್ಲಿ ಆದೇಶ ಓದಿ ಸಹಿ ಹಾಕಿದವರನ್ನ ನಾನು ಕಾಣಲಿಲ್ಲ. ಮನೆಗೆ ಹೋಗೋ ಅವಸರ, ಪೆಂಡಾಲ್ ಕೆಲಸ ಬೇರೆ ಬಾಕಿ ಇತ್ತು.

ತಿಲಕರು 1920ರ ಆಗಸ್ಟ್ 1ರಂದು ಮುಂಬೈಯಲ್ಲಿ ತೀರಿಕೊಂಡರು. 1908ರ ತೀರ್ಪಿಗೆ ಮೊದಲು ಅವರು ಆಡಿದ ಕೊನೇ ಮಾತುಗಳನ್ನು 1956ರಲ್ಲಿ ಕಲ್ಲಲ್ಲಿ ಕೆತ್ತಿಸಿ, ಶಿಕ್ಷೆ ಕೊಟ್ಟ ಆ ಹೈಕೋರ್ಟಿನಲ್ಲೇ ಹಾಕಿದ್ದಾರೆ.